ತೋರಗಲ್ಲ ಸರ್ ಅವರ ಹ್ಞೂಂ

ತೋರಗಲ್ಲ ಸರ್ ಫೋನಿನಲ್ಲಿದ್ದರೆ ಪಕ್ಕದಲ್ಲಿ ಕೂತವರಿಗೆ ಕೇಳಿಸುತ್ತಿದ್ದದ್ದು ಒಂದೇ ಶಬ್ದ: ಹ್ಞೂಂ. ಎಳೆದು ಅಂದ ಹ್ಞೂಂ, ಗಿಡ್ಡ ಹ್ಞೂಂ, ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವ ಹ್ಞೂಂ. ಆ ಕಡೆ ಯಾರೇ ಇರಲಿ, ಏನೇ ಹೇಳಲಿ, ಈ ಕಡೆಯಿಂದ ಹೋಗುತ್ತಿದ್ದದ್ದು ಇಷ್ಟೇ. ಫೋನ್ ಇಟ್ಟ ಮೇಲೆ “ಯಾರ್ರೀ ಸರ?” ಎಂದು ಕೇಳಿದರೆ, “ಯಾರೋ ಏನೋ ತಂಗಿ, ವಿಮಾ ಮಾಡಸ್ರಿ ಅನ್ನಾಕತ್ತಿದ್ರು” ಅನ್ನುತ್ತಿದ್ದರು. “ಮಾಡಸ್ತೀನಿ ಅಂದ್ರೇನು?” “ಎಲ್ಲಿ ಅಂದೆ? ಬರೇ ಹ್ಞೂಂ ಅಂದೆ.” ಮರುದಿನ ವಿಮೆಯವರು ಗೇಟಿನ ಹತ್ತಿರ ಬಂದು ನಿಂತಿರುತ್ತಿದ್ದರು. ಇಷ್ಟು ದೂರ ಬಿಸಿಲಲ್ಲಿ ಬಂದವರಿಗೆ ಇಲ್ಲ ಅನ್ನುವುದು ಹೇಗೆ ಎಂಬ ಸಂಕೋಚಕ್ಕೆ ಬಿದ್ದು ಸರ್ ವಿಮೆ ಮಾಡಿಸಿಬಿಡುತ್ತಿದ್ದರು.

ಮುರಿಗೆಪ್ಪ ತೋರಗಲ್ಲ ಬೈಲಹೊಂಗಲ ಕಡೆಯವರು. ನಾನು ಧಾರವಾಡದವಳು. ಪುಣೆಯ ನಮ್ಮ ಪ್ರಯೋಗಾಲಯದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಸೇರಿದ ದಿನವೇ ನನ್ನ ಮನೆತನದ ಹೆಸರು ಕೇಳಿದ ಅವರು ಇಡೀ ಮಹಡಿಗೆ ಕೇಳಿಸುವಂತೆ “ಅಯ್ಯ, ನಮ್ಮಾಕಿ ಏನವಾ ನೀ!” ಅಂದುಬಿಟ್ಟರು. ಅಂದಿನಿಂದ ಮಧ್ಯಾಹ್ನವಾದರೆ ಸಾಕು, ಎಲ್ಲ ಮೇಜುಗಳನ್ನು ದಾಟಿಸಿ “ತಂಗಿ, ಊಟ ಆತೇನು?” ಎಂದು ಕೂಗುತ್ತಿದ್ದರು. ಮರಾಠಿ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ನನಗೆ ಕಿವಿ ಬಿಸಿಯಾಗುತ್ತಿತ್ತು. ಇಂಗ್ಲಿಷಿನಲ್ಲಿ ಮಾತಾಡಿದರೂ ಅವರ ಪ್ರತಿ ವಾಕ್ಯದ ತುದಿಯಲ್ಲಿ ಒಂದು “ರೀ” ಸೇರಿಕೊಳ್ಳುತ್ತಿತ್ತು. ಅವರು ಎದ್ದು ನಿಂತು ಮಾತಾಡಿದಾಗಲೆಲ್ಲ ನಾನು ತಲೆ ತಗ್ಗಿಸಿ ಬೆರಳ ಉಗುರು ನೋಡಿಕೊಳ್ಳುತ್ತಿದ್ದೆ. ಮನೆಯ ಹಿರಿಯರು ಪರರ ಮುಂದೆ ಏನಾದರೂ ಅಂದುಬಿಟ್ಟಾರು ಎಂದು ಜೀವ ಹಿಡಿದುಕೊಂಡು ಕೂರುತ್ತೇವಲ್ಲ, ಅಂಥ ನಾಚಿಕೆ ಅದು.

ಕೆಲಸದಲ್ಲಿ ಮಾತ್ರ ಅವರ ಸರಿಸಮ ಯಾರೂ ಇರಲಿಲ್ಲ. ಸಾವಿರಾರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಒಂದೇ ದೊಡ್ಡ ಯಂತ್ರದಂತೆ ದುಡಿಸುವುದು ನಮ್ಮ ಪ್ರಯೋಗಾಲಯದ ಕಸುಬು. ಅಷ್ಟು ಯಂತ್ರಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡಬೇಕಾದರೆ ಕ್ಷಣಕ್ಷಣಕ್ಕೂ ಒಂದಕ್ಕೊಂದು ಸಂದೇಶ ಕಳಿಸುತ್ತಿರಬೇಕು. ಸಾಮಾನ್ಯವಾಗಿ ಎರಡು ಕಂಪ್ಯೂಟರುಗಳು ಮಾತಾಡುವ ಮುಂಚೆ ಫೋನ್ ಹಚ್ಚಿದ ಹಾಗೆ ನಡುವೆ ಒಂದು ಸಂಪರ್ಕ ಕಟ್ಟಿಕೊಂಡು, ಮಾತು ಮುಗಿಯುವವರೆಗೆ ಅದನ್ನು ತೆರೆದಿಟ್ಟಿರುತ್ತವೆ. ಸಾವಿರಾರು ಯಂತ್ರಗಳಲ್ಲಿ ಪ್ರತಿಯೊಂದೂ ಪ್ರತಿಯೊಂದರ ಜೊತೆ ಹೀಗೆ ಸಂಪರ್ಕ ಇಟ್ಟುಕೊಂಡರೆ, ಆ ಸಂಪರ್ಕಗಳನ್ನು ನೆನಪಿಡುವುದರಲ್ಲೇ ಅವುಗಳ ಮೆಮೊರಿ ತುಂಬಿಹೋಗುತ್ತದೆ. ಅದಕ್ಕೆ ತೋರಗಲ್ಲ ಸರ್ ಬೇರೆ ಪದ್ಧತಿ ರೂಪಿಸುತ್ತಿದ್ದರು. ಸಂಪರ್ಕವೇ ಬೇಡ, ಸಂದೇಶವನ್ನು ಸುಮ್ಮನೆ ಕಳಿಸುವುದು. ಆದರೂ ಒಂದೇ ಒಂದು ಸಂದೇಶ ಕಳೆದುಹೋಗಬಾರದು.

ಹೊಸದಾಗಿ ಬಂದ ನನಗೆ ಇದು ತಲೆಗೆ ಹತ್ತಲಿಲ್ಲ. ಸಂಪರ್ಕವಿಲ್ಲದೆ ಭರವಸೆ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಸರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

“ಸಣ್ಣಾಕಿ ಇದ್ದಾಗ ಅಜ್ಜಿ ಕಡೆ ಕತಿ ಕೇಳಿಯಿಲ್ಲ? ಕತಿ ಕೇಳೋವಾಗ ಏನಂತಿದ್ದಿ?”

“ಹ್ಞೂಂ ಅಂತಿದ್ನಿರಿ.”

“ಹ್ಞೂಂ ಅನ್ನಲಿಲ್ಲ ಅಂದ್ರ?”

“ಅಜ್ಜಿ ಮತ್ತ ಅದನ್ನ ಹೇಳ್ತಿದ್ಲು.”

“ಮುಗೀತು ನೋಡು. ಇಷ್ಟ ನಮ್ಮ ಪ್ರೋಟೊಕಾಲ್. ಕಳಿಸಿದಾಂವ ಹ್ಞೂಂ ಬರೋತನಕ ಆ ಮಾತು ಕೈಯಾಗ ಇಟ್ಕೋಬೇಕು. ಬರಲಿಲ್ಲ, ಮತ್ತ ಕಳಸಬೇಕು. ಕೇಳಾಂವ ಮೊದಲ ಕೇಳಿದ್ದ ಮಾತು ಮತ್ತ ಬಂದ್ರ ಗುರುತು ಹಿಡದು ಬಿಟ್ಟುಬಿಡಬೇಕು. ಇದಕ್ಕ ಫೋನ್ ಯಾಕ ಬೇಕು?”

ಮತ್ತೊಂದು ಮಾತು ಸೇರಿಸಿದರು. “ಆದ್ರ ಒಂದ ತಿಳ್ಕೊ ತಂಗಿ. ಹುಡುಗುರು ಅರ್ಧಾ ನಿದ್ದಿಗಣ್ಣಾಗೂ ಹ್ಞೂಂ ಅಂತಾವ. ಅಜ್ಜಿ ಪಾಪ, ಕೇಳಾಕತ್ತಾವ ಅಂತ ತಿಳ್ಕೊಂಡು ಮುಂದ ಹೋಗ್ತಾಳ. ಅಂಥಾ ಹ್ಞೂಂ ಭಾಳ ಕೆಟ್ಟದು. ಹ್ಞೂಂ ಇಲ್ಲದಿದ್ರೂ ನಡೀತದ, ಸುಳ್ಳ ಹ್ಞೂಂ ನಡಿಯೂದಿಲ್ಲ.”

ಕಂಪ್ಯೂಟರಿಗೆ ಸಂದೇಶ ಮೊದಲು ಬಂದು ಮುಟ್ಟುವುದು ಅದರ ನೆಟ್‌ವರ್ಕ್ ಕಾರ್ಡಿಗೆ. ಅಲ್ಲಿಂದ ಮೆಮೊರಿಗೆ ಹೋಗಬೇಕು, ಲೆಕ್ಕ ಮಾಡುತ್ತಿರುವ ಪ್ರೋಗ್ರಾಮಿನ ಕೈ ಸೇರಬೇಕು. ಪ್ರೋಗ್ರಾಮಿನ ಕೈ ಸೇರಿದ ಮೇಲೆಯೇ ಹ್ಞೂಂ ಹೊರಡಬೇಕು ಎಂಬುದು ಸರ್ ಅವರ ಹಟ. ಕಾರ್ಡು ಎಂದರೆ ನಿದ್ದೆಗಣ್ಣಿನ ಹುಡುಗ, ಅವನ ಹ್ಞೂಂ ನಂಬಬಾರದು. ಅವರಿಂದಾಗಿ ಇಡೀ ಪ್ರಯೋಗಾಲಯದಲ್ಲಿ ಆ ಶಬ್ದವೇ ಪಾರಿಭಾಷಿಕವಾಗಿಬಿಟ್ಟಿತು. ಕನ್ನಡದ ಗಂಧವೇ ಇಲ್ಲದ ಮರಾಠಿ ಹುಡುಗರು ಪರೀಕ್ಷೆ ಓಡಿಸುತ್ತ ಒಬ್ಬರನ್ನೊಬ್ಬರು “ಹ್ಞೂಂ ಆಲಾ ಕಾ?” ಎಂದು ಕೇಳುತ್ತಿದ್ದರು. ಬಂತೇ ಹ್ಞೂಂ ಎಂದು. ಇವತ್ತಿಗೂ ಕೇಳುತ್ತಾರೆ.

ಸಂದೇಶವೊಂದು ಕಳೆದರೆ ಸರ್‌ಗೆ ಆಗುತ್ತಿದ್ದದ್ದು ಸಿಟ್ಟಲ್ಲ, ಅವಮಾನ. ಪರೀಕ್ಷೆಯಲ್ಲಿ ಒಂದು ಮಾತು ತಲುಪದೆ ಹೋದರೆ ಕನ್ನಡಕ ತೆಗೆದು ಮುಖ ಒರೆಸಿಕೊಂಡು “ಮಾನ ಹೋತಲ್ಲ ತಂಗಿ” ಅನ್ನುತ್ತಿದ್ದರು. ಯಾರ ಮಾನ, ಯಾರ ಮುಂದೆ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ನಕಲಿ ಸಂದೇಶ ಅದು, ಪರೀಕ್ಷೆಗೆಂದು ನಾವೇ ಹುಟ್ಟಿಸಿದ್ದು, ಒಳಗೆ ಬರೀ ಸೊನ್ನೆಗಳು. ಸರ್ ಒಪ್ಪುತ್ತಿರಲಿಲ್ಲ. “ಮನಿಗೆ ಬರ್ರಿ ಅಂತ ಕರದು, ಬಾಗಲಾ ತಗೀಲಿಲ್ಲ ಅಂದ್ರ ಹೆಂಗ? ಬಂದಾಂವ ಯಾರರೆ ಇರ್ಲಿ.” ಅಂಥ ದಿನ ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುತ್ತಿದ್ದರು. ಸಂಜೆ ಅವರ ಹೆಂಡತಿ ನೀಲಕ್ಕ ನನಗೆ ಫೋನ್ ಮಾಡಿ “ಇವತ್ತೇನ ಕಳದಾರವಾ ನಿಮ್ಮ ಸರ್ರು?” ಎಂದು ಕೇಳುತ್ತಿದ್ದರು.

ಅವರ ಸಂಕೋಚದ ಕತೆ ಹೇಳಲು ಕೂತರೆ ಮುಗಿಯುವುದಿಲ್ಲ. ಒಮ್ಮೆ ಗೌರಿ ಗಣಪತಿಗೆ ನಮ್ಮ ಮುಖ್ಯಸ್ಥೆ ಪರಾಂಜಪೆ ಮೇಡಂ ಎಲ್ಲರನ್ನೂ ಮನೆಗೆ ಊಟಕ್ಕೆ ಕರೆದಿದ್ದರು. ಮೇಡಂ ಚುರುಕಿನ ಹೆಂಗಸು. ಮಾತು, ನಡಿಗೆ, ನಿರ್ಧಾರ ಎಲ್ಲವೂ ಬೇಗ. ಸ್ವತಃ ಬಡಿಸುತ್ತ ಬಂದವರು ಸರ್ ಎಲೆಯ ಮುಂದೆ ಬಾಗಿ, ಇದು ತಮ್ಮ ಅತ್ತೆಯ ಕೈಯ ಹೋಳಿಗೆ, ಬೆಲ್ಲ ಕೊಲ್ಹಾಪುರದ್ದು ಎಂದು ಹೇಳಿದರು. ಸರ್ ಹ್ಞೂಂ ಅಂದರು. ಎಲೆಗೆ ಹೋಳಿಗೆ ಬಿತ್ತು. ಇದರ ಮೇಲೆ ತುಪ್ಪ ಹೆಚ್ಚು ಇರಬೇಕು ಎಂದರು ಮೇಡಂ. ಸರ್ ಹ್ಞೂಂ ಅಂದರು, ತುಪ್ಪ ಬಿತ್ತು. ಹೀಗೆ ಮೇಡಂ ಏನಾದರೊಂದು ಹೇಳುವುದು, ಸರ್ ಮರ್ಯಾದೆಗೆ ಹ್ಞೂಂ ಅನ್ನುವುದು, ಇನ್ನೊಂದು ಹೋಳಿಗೆ ಬೀಳುವುದು. ಕೊನೆಗೆ ಸರ್ ಬೆವರುತ್ತ ನನ್ನ ಕಡೆ ತಿರುಗಿ ಪಿಸುದನಿಯಲ್ಲಿ “ತಂಗಿ, ಇವ್ರನ್ನ ನಿಂದರಸ ಮಾರಾಯ್ತಿ” ಅಂದರು. ನಾನು ನಗು ತಡೆಯಲಾರದೆ ಮೇಡಂಗೆ ಬಿಡಿಸಿ ಹೇಳಿದೆ: ನಮ್ಮ ಕಡೆ ಹ್ಞೂಂ ಅಂದರೆ ಕೇಳುತ್ತಿದ್ದೇನೆ ಎಂದು ಅರ್ಥ, ಬೇಕು ಎಂದಲ್ಲ. ಮೇಡಂ ಬಿದ್ದು ಬಿದ್ದು ನಕ್ಕರು. ಆಮೇಲೆ ಅದನ್ನು ಮರೆತರು.

ಯಂತ್ರವನ್ನು ಹವಾಮಾನದ ವಿಜ್ಞಾನಿಗಳಿಗೆ ತೋರಿಸುವ ದಿನ ಹತ್ತಿರ ಬಂದಾಗ ವೇಗ ಸಾಲದೆ ಎಲ್ಲರಿಗೂ ತಲೆಬಿಸಿ ಶುರುವಾಯಿತು. ಒಂದು ಮಧ್ಯಾಹ್ನ ಮೇಡಂ ಮುಂಬಯಿಯಿಂದ ಸರ್‌ಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಹ್ಞೂಂ ಪ್ರೋಗ್ರಾಮಿನಿಂದ ಬರುವವರೆಗೆ ಕಾಯುವುದು ಯಾಕೆ, ಕಾರ್ಡೇ ಹ್ಞೂಂ ಅಂದುಬಿಡಲಿ, ಕಾಯುವ ಸಮಯ ಉಳಿಯುತ್ತದೆ, ಹೀಗೆ ಮಾಡೋಣವೇ ಎಂದು ಮೇಡಂ ವಿವರಿಸುತ್ತಿದ್ದರಂತೆ. ನನಗೆ ಕೇಳಿಸಿದ್ದು ಮಾತ್ರ ಎಂದಿನ ಹಾಗೆ ಹ್ಞೂಂ, ಹ್ಞೂಂ, ಹ್ಞೂಂ. ಫೋನ್ ಇಟ್ಟು ಸರ್ ಅಂದರು, “ಮೇಡಂ ಅವ್ರ ತಲ್ಯಾಗ ಒಂದು ಖೊಟ್ಟಿ ವಿಚಾರ ಬಂದದ. ನಾಳೆ ಬಂದ ಮ್ಯಾಲೆ ಸಮಾಧಾನ್ಲೆ ತಿಳಿಸಿ ಹೇಳ್ತೀನಿ.”

ಮರುದಿನ ಮೇಡಂ ಬರುತ್ತಲೇ ಎಲ್ಲರನ್ನೂ ಕೂಡಿಸಿ, ತೋರಗಲ್ಲ ಅವರು ಬದಲಾವಣೆಗೆ ಒಪ್ಪಿದ್ದಾರೆ, ಅತಿಥಿಗಳಾಗಿ ಬರುವ ವಿಜ್ಞಾನಿಗಳಿಗೂ ಮುಂಬಯಿಯಲ್ಲೇ ತಿಳಿಸಿ ಬಂದಿದ್ದೇನೆ ಎಂದು ಸಂತೋಷದಿಂದ ಹೇಳಿದರು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಸರ್ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಹೊರಗೆ ಬಂದ ಮೇಲೆ ನಾನು ರೇಗಿದೆ. ನೀವು ಒಪ್ಪಿಲ್ಲ ಅಂತ ಈಗಲಾದರೂ ಹೇಳಿ ಎಂದೆ.

“ಹೆಂಗ ಹೇಳ್ಲಿ? ಪರ ಊರಾಗ, ನಾಕು ಮಂದಿ ಮುಂದ ಮಾತ ಕೊಟ್ಟು ಬಂದಾರ. ಈಗ ಅಲ್ಲ ಅಂದ್ರ ಅವ್ರು ಸುಳ್ಳ ಹೇಳಿದಂಗ ಆಗ್ತದ. ನನಗ ನಾಚಿಕಿ ಬರ್ತದವಾ.”

ಆ ನಾಚಿಕೆಯಲ್ಲೇ ಅವರು ತಾವು ನಂಬದ ಕೆಲಸವನ್ನು ತಮ್ಮ ಕೈಯಾರೆ ಮಾಡಿದರು. ಯಾರಿಗೂ ವಹಿಸಲಿಲ್ಲ. ವೇಗವೇನೋ ಬಂತು. ಪರೀಕ್ಷೆಗಳೆಲ್ಲ ಸರಾಗವಾಗಿ ಮುಗಿದವು. ಸರ್ ಮಾತ್ರ ಊಟದ ಡಬ್ಬಿಯನ್ನು ಮುಚ್ಚಿದ್ದಂತೆಯೇ ಮನೆಗೆ ಒಯ್ಯುತ್ತಿದ್ದರು.

ತೋರಿಸುವ ದಿನ ದೊಡ್ಡ ಪರದೆಯ ಮೇಲೆ ಅರಬ್ಬಿ ಸಮುದ್ರದ ಮೋಡಗಳು ಕೊಂಕಣದ ಕಡೆ ಸರಿಯುತ್ತಿದ್ದವು. ಅತಿಥಿಗಳು ತಲೆದೂಗುತ್ತಿದ್ದರು. ಘಾಟಿಯ ಹತ್ತಿರ ಬಂದ ಮೋಡಗಳು ಇದ್ದಕ್ಕಿದ್ದಂತೆ ನಿಂತುಬಿಟ್ಟವು. ಆದದ್ದಿಷ್ಟೆ: ಎಲ್ಲೋ ಒಂದು ಯಂತ್ರದ ಕಾರ್ಡು ಸಂದೇಶ ಬಂದಿದೆ ಎಂದು ಹ್ಞೂಂ ಅಂದು, ಅದನ್ನು ಒಳಗೆ ಮುಟ್ಟಿಸದೆ ಬಿಟ್ಟಿತ್ತು. ಕಳಿಸಿದ ಯಂತ್ರ ಹ್ಞೂಂ ಬಂತೆಂದು ತನ್ನ ಪ್ರತಿಯನ್ನು ಅಳಿಸಿಹಾಕಿತ್ತು. ಇನ್ನು ಆ ಮಾತು ಎಲ್ಲಿಯೂ ಇರಲಿಲ್ಲ. ಅದಕ್ಕಾಗಿ ಒಂದು ಯಂತ್ರ ಕಾದು ಕೂತಿತು, ಅದಕ್ಕಾಗಿ ಅದರ ನೆರೆಯವು ಕಾದವು, ಕೊನೆಗೆ ಅಷ್ಟೂ ಯಂತ್ರಗಳು ಸುಮ್ಮನೆ ನಿಂತವು. ಅತಿಥಿಗಳಲ್ಲಿ ಹಿರಿಯರೊಬ್ಬರು, ಇದರ ಹೊಣೆ ಯಾರದು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

ತೋರಗಲ್ಲ ಸರ್ ಎದ್ದು ನಿಂತರು. ಕೈ ಜೋಡಿಸಿದರು. ಬಾಯಿಂದ ಹೊರಟದ್ದು ಕನ್ನಡ. ಅಷ್ಟು ವರ್ಷ ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ ಕೆಲಸ ಮಾಡಿದ ಮನುಷ್ಯನಿಗೆ ಆ ಗಳಿಗೆಯಲ್ಲಿ ಬೇರೆ ಯಾವ ಭಾಷೆಯೂ ಒದಗಲಿಲ್ಲ. ನೆಲ ನೋಡುತ್ತ ಹೇಳಿದರು: “ತಪ್ಪಾತ್ರಿ. ನಂದ ತಪ್ಪು. ಮೇಡಂ ಫೋನಿನ್ಯಾಗ ಕೇಳಿದಾಗ ನಾ ಹ್ಞೂಂ ಅಂದೆ. ಕೇಳಾಕತ್ತೀನಿ ಅಂತ ಹ್ಞೂಂ ಅಂದೆ, ಒಪ್ಪಿಗಿ ಅಂತಲ್ಲ. ಅವ್ರು ಒಪ್ಪಿಗಿ ಅಂತ ತಿಳದು ಎಲ್ಲಾರಿಗೂ ಹೇಳಿಬಿಟ್ರು. ಆಮ್ಯಾಗ ಅಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ.”

ಯಾರಿಗೂ ಏನೂ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಗಾಬರಿಯಿಂದ ನನ್ನ ಕಡೆ ತಿರುಗಿ “ಕಾಯ್ ಮ್ಹಣತಾಯತ್ ತೇ?” ಅಂದರು, ಏನನ್ನುತ್ತಿದ್ದಾರೆ ಅವರು ಎಂದು.

ನನಗೆ ಆಗ ಮೈಯೆಲ್ಲ ಉರಿಯುತ್ತಿತ್ತು. ನಮ್ಮವರು ಅಷ್ಟು ಜನರ ಮುಂದೆ ಪೆದ್ದರ ಹಾಗೆ ನಿಂತಿದ್ದಾರಲ್ಲ ಎಂಬ ನಾಚಿಕೆ, ಅವರನ್ನು ನೋಡಿ ನಗುತ್ತಾರಲ್ಲ ಎಂಬ ಸಿಟ್ಟು. ಎದ್ದು ನಿಂತು, ನನಗೆ ಬರುವ ಎಲ್ಲ ಒಳ್ಳೆಯ ಇಂಗ್ಲಿಷಿನಲ್ಲಿ, ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಫೋನು, ಹ್ಞೂಂ, ಒಪ್ಪಿಗೆಯಲ್ಲ ಎಂಬ ಮಾತು, ಎಲ್ಲವನ್ನೂ. ಹೇಳಿ ಮುಗಿಸುವಾಗ ಅತಿಥಿಗಳ ಮುಖ ಒಂದೊಂದಾಗಿ ಮೇಡಂ ಕಡೆ ತಿರುಗಿತು. ಮೇಡಂ ಕೆಂಪಾದರು. ಕ್ಷಮಿಸಿ ಎಂದೋ ಏನೋ ಅಂದು ಹೊರಗೆ ಹೋದರು. ತೋರಗಲ್ಲ ಸರ್ ನನ್ನನ್ನೇ ನೋಡುತ್ತಿದ್ದರು.

ಓಣಿಯಂಥ ಆ ಉದ್ದನೆಯ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. “ಅದನ್ನ ಯಾಕ ದಾಟಿಸಿದಿ ತಂಗಿ?”

“ನೀವ ಹೇಳಿದ್ರೆಲ್ರೀ ಸರ, ಎಲ್ಲಾರ ಮುಂದ.”

“ಅದು ನಾ ನಿನಗ ಹೇಳಿದ್ದವಾ. ಅವ್ರಿಗಲ್ಲ.”

ಸತ್ಯವನ್ನೇ ಹೇಳಿದೆ, ಅವರ ಪರವಾಗಿಯೇ ಹೇಳಿದೆ ಎಂದು ಎಷ್ಟು ಸಲ ಅಂದುಕೊಂಡರೂ ಆ ಮಾತು ನೆನಪಾದಾಗ ಮುಖ ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಹೊರಗಿನವರ ಮುಂದೆ ಮನೆಯ ಮಾತಿನಲ್ಲಿ ಅವರು ಅಳಲು ತೋಡಿಕೊಂಡಿದ್ದರು. ಅದನ್ನು ನಾನು ಊರಿಗೆಲ್ಲ ಸಾರಿದ್ದೆ. ಒಬ್ಬ ಹೆಂಗಸಿನ ಮಾನ ಅಷ್ಟು ಜನರ ಮುಂದೆ ತಮ್ಮಿಂದ ಹೋಯಿತು ಎಂಬುದೊಂದೇ ಅವರ ಮನಸ್ಸಿನಲ್ಲಿ ಉಳಿಯಿತು.

ಆ ವಾರ ಅವರು ಒಬ್ಬರೇ ಕೂತು ಹ್ಞೂಂ ಅನ್ನು ಅದರ ಹಳೆಯ ಜಾಗಕ್ಕೆ ತಂದಿಟ್ಟರು. ಕಳೆದುಕೊಂಡ ವೇಗವನ್ನು ಬೇರೆ ದಾರಿಯಿಂದ ತಂದರು: ಒಂದೊಂದು ಸಂದೇಶಕ್ಕೂ ಬೇರೆ ಬೇರೆ ಹ್ಞೂಂ ಕಳಿಸುವ ಬದಲು ಒಂದು ಗುಂಪಿಗೆ ಒಂದೇ ಹ್ಞೂಂ. ಇಂದು ನಮ್ಮ ಯಂತ್ರ ಓಡುತ್ತಿರುವುದು ಹಾಗೆಯೇ. ಮೋಡಗಳು ಆಮೇಲೆ ಎಂದೂ ನಿಂತಿಲ್ಲ. ಆದರೆ ಮೇಡಂ ಎದುರು ಬಂದರೆ ಸರ್ ಗೋಡೆಗೆ ತಿರುಗಿ ನಿಲ್ಲುತ್ತಿದ್ದರು. ನಿವೃತ್ತಿ ಹತ್ತಿರದಲ್ಲೇ ಇತ್ತು. ಉಳಿದಿದ್ದ ರಜೆಗಳನ್ನೆಲ್ಲ ಹಾಕಿ ಬರುವುದನ್ನೇ ಬಿಟ್ಟರು. ಬೀಳ್ಕೊಡುಗೆಗೂ ಬರಲಿಲ್ಲ. ಈಗ ಅವರಿಲ್ಲ. ಸಾಸವಡದ ಮಗಳ ಮನೆಯಲ್ಲಿದ್ದಾಗ ಹೃದಯ ನಿಂತು ಹೋದರು ಎಂದು ನೀಲಕ್ಕ ಫೋನ್ ಮಾಡಿ ತಿಳಿಸಿದರು. ನಾನು ಕೊನೆಯ ಸಲ ಅವರನ್ನು ಕಂಡದ್ದು, ಕಂಡದ್ದು ಎನ್ನಬಹುದಾದರೆ, ಅದಕ್ಕೂ ಮೊದಲು, ಪುಣೆಯಲ್ಲೇ, ಬಿಬವೇವಾಡಿಯ ಅವರ ಮನೆಯಲ್ಲಿ.

ಅವತ್ತು ಮೇಡಂ ತಾವಾಗಿ ನನ್ನ ಮೇಜಿಗೆ ಬಂದು, ತಮ್ಮನ್ನು ಸರ್ ಮನೆಗೆ ಕರೆದುಕೊಂಡು ಹೋಗಬೇಕು ಅಂದರು. ಸಂತೆಯ ಗದ್ದಲ ದಾಟಿ, ಕಿರಾಣಿ ಅಂಗಡಿಯ ಮೇಲಿನ ಮನೆಗೆ ಮೆಟ್ಟಿಲು ಹತ್ತಿದೆವು. ನೀಲಕ್ಕ ಬಾಗಿಲು ತೆಗೆದು ಮೇಡಂ ಅವರನ್ನು ನೋಡಿದ್ದೇ ಬಿಳಿಚಿಕೊಂಡರು. ಸಾಹೇಬರು ಇದ್ದಾರೆಯೇ ಎಂದು ಮೇಡಂ ಮರಾಠಿಯಲ್ಲಿ ಕೇಳಿದರು. ಹೊರಗೆ ಹೋಗಿದ್ದಾರೆ ಅಂದರು ನೀಲಕ್ಕ. ಸರ್ ಚಪ್ಪಲಿ ನಮ್ಮ ಕಾಲ ಹತ್ತಿರವೇ ಇತ್ತು. ಬಿಡಿಸಿಟ್ಟ ಪತ್ರಿಕೆಯ ಮೇಲೆ ಅವರ ಕನ್ನಡಕವಿತ್ತು, ಅರ್ಧ ಕುಡಿದ ಚಹಾ ಹಬೆಯಾಡುತ್ತಿತ್ತು. ಒಳಕೋಣೆಯ ಬಾಗಿಲು ಆಗಷ್ಟೇ ಹಾಕಿಕೊಂಡದ್ದು, ಅದರ ಪರದೆ ಇನ್ನೂ ಅಲ್ಲಾಡುತ್ತಿತ್ತು. ಮೂವರೂ ಎಲ್ಲವನ್ನೂ ನೋಡಿದೆವು, ಮೂವರೂ ನೋಡದವರಂತೆ ಕೂತೆವು.

ಮೇಡಂ ಮುಚ್ಚಿದ ಬಾಗಿಲನ್ನು ನೋಡುತ್ತ ನಿಧಾನವಾಗಿ ಮಾತಾಡಿದರು. ಅವರು ಅಷ್ಟು ನಿಧಾನವಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ನನಗೆ, ಇದನ್ನು ಅವರ ಭಾಷೆಯಲ್ಲಿ ಹೇಳು, ಬಂದ ಮೇಲೆ ಅವರಿಗೆ ತಲುಪಲಿ ಅಂದರು. ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ.

“ಸರ, ಮೇಡಂ ಹೇಳಾಕತ್ತಾರ. ನೀವು ಅಂದಿದ್ದನ್ನ ಅವ್ರು ಕೇಳಲಿಲ್ಲಂತ. ಅವ್ರಿಗೆ ಏನು ಬೇಕಾಗಿತ್ತೋ ಅದನ್ನ ಕೇಳಿಸ್ಕೊಂಡ್ರಂತ. ಅವತ್ತ ಎದ್ದು ನಿಂತು ತಪ್ಪು ನಂದು ಅಂತ ಅವ್ರು ಹೇಳಬೇಕಿತ್ತಂತ. ನಾಚಿಕಿ ಪಡಬೇಕಾದವ್ರು ನೀವಲ್ಲ, ಅವ್ರಂತ.”

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಬಾಗಿಲಿನ ಆಚೆಯಿಂದಲೇ, ತೀರ ಹತ್ತಿರದಿಂದ, ಧ್ವನಿ ಬಂತು.

“ತಂಗಿ.”

“ರೀ ಸರ?”

“ಮೇಡಂ ಅವ್ರಿಗೆ ಹೇಳವಾ, ನಾ ಮನ್ಯಾಗಿಲ್ಲ.”

ನೀಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೇಡಂ ನನ್ನ ಮುಖ ನೋಡಿದರು. ನಾನು ಮರಾಠಿಯಲ್ಲಿ ಹೇಳಿದೆ, ಸರ್ ಮನೆಯಲ್ಲಿಲ್ಲ.

ಮೇಡಂ ತಲೆಯಾಡಿಸಿ ಎದ್ದರು. ಆ ಮುಚ್ಚಿದ ಬಾಗಿಲಿಗೆ ಕೈ ಮುಗಿದರು. ಹೊಸ್ತಿಲು ದಾಟುವಾಗ ನಿಂತು ನೀಲಕ್ಕನಿಗೆ, ಅವರು ಬಂದ ಮೇಲೆ ಹೇಳಿ, ನಾನು ಬಂದು ಹೋದೆ ಅಂತ, ಅಂದರು. ಇದನ್ನು ನಾನು ಕನ್ನಡಕ್ಕೆ ದಾಟಿಸಲಿಲ್ಲ. ಒಳಗಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಮೇಡಂ ಹೇಳಿದ್ದರು.